ಮಗಳ ಮಣಿಕಟ್ಟು ನೋವು: ಜಿಮ್ನಾಸ್ಟಿಕ್ಸ್ ಗೊತ್ತಿರುವ ಫಿಜಿಯೋ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತಾರೆ?

ರಾಜಾಜಿನಗರದ ಅಪ್ಪ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಐದು ವರ್ಷದಿಂದ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾಳೆ. ವಾರಕ್ಕೆ ಆರು ದಿನ, ದಿನಕ್ಕೆ ಮೂರು ಗಂಟೆ. ದಸರಾ ರಜೆಯಲ್ಲಿ ಅಭ್ಯಾಸ ಇನ್ನೂ ಜಾಸ್ತಿಯಾಯಿತು. ದೀಪಾವಳಿ ಹೊತ್ತಿಗೆ ಬಲಗೈ ಮಣಿಕಟ್ಟು ನೋವು ಶುರುವಾಯಿತು. ಬಿದ್ದಿಲ್ಲ, ಪೆಟ್ಟಾಗಿಲ್ಲ. ಮೊದಲು ಹ್ಯಾಂಡ್‌ಸ್ಟ್ಯಾಂಡ್ ಮಾಡಿದಾಗ, ಅಂದರೆ ತಲೆಕೆಳಗಾಗಿ ಕೈ ಮೇಲೆ ನಿಂತಾಗ ಮಾತ್ರ ಇತ್ತು. ಈಗ ಬಾಗಿಲು ತಳ್ಳುವಾಗಲೂ ಮುಖ ಕಿವುಚುತ್ತಾಳೆ. ನಾವು ನೆಲದ ಮೇಲೆ ಕೂತು ಊಟ ಮಾಡುವವರು. ಏಳುವಾಗ ಅಂಗೈ ಊರುವ ಬದಲು ಮುಷ್ಟಿ ಊರಿ ಏಳುತ್ತಿದ್ದಾಳೆ. ಅದನ್ನು ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೂರು ಜನರನ್ನು ಕೇಳಿದೆ. ಮೂರು ಮಾತು ಬಂತು. ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಏನೂ ಇಲ್ಲ, ಆರು ವಾರ ರೆಸ್ಟ್ ಅಂದರು. ಮನೆ ಹತ್ತಿರದ ಫಿಜಿಯೋ ಹತ್ತು ಸಿಟ್ಟಿಂಗ್ ಬರೆದುಕೊಟ್ಟರು. ಬಿಸಿ ಮೇಣ, ಅಲ್ಟ್ರಾಸೌಂಡ್ ಮಶಿನ್, ಹಿಸುಕಲು ಒಂದು ರಬ್ಬರ್ ಚೆಂಡು. ಕೋಚ್ ಟೇಪ್ ಸುತ್ತಿಕೊಂಡು ಮಾಡಲಿ, ಜನವರಿಯಲ್ಲಿ ಮೀಟ್ (ಸ್ಪರ್ಧೆ) ಇದೆ ಅಂದರು.

ನನ್ನ ಪ್ರಶ್ನೆ ಒಂದೇ. ಆರು ವಾರ ಸುಮ್ಮನೆ ಇದ್ದಳು ಅಂತಿಟ್ಟುಕೊಳ್ಳಿ. 43ನೇ ದಿನ ಏನು ಮಾಡಬೇಕು? ನೇರ ಹೋಗಿ ಕೈ ಮೇಲೆ ನಿಲ್ಲಬಹುದಾ? ಇದನ್ನು ಯಾರೂ ಹೇಳುತ್ತಿಲ್ಲ.

ಮೂಡಲಪಾಳ್ಯ

ಎಳೇ ಮೂಳೆ ಸರ್. ಮೊದಲು ಬಿಡಿಸಿ. ಮೀಟ್ ಇವತ್ತಲ್ಲ ನಾಳೆ ಬರುತ್ತದೆ.

ಹಳೇ ಜಿಮ್ನಾಸ್ಟ್

ಮುಷ್ಟಿ ಊರಿ ಏಳುತ್ತಾಳೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ಹೊಟ್ಟೆ ಚುರ್ ಅಂತು. ನಾವೆಲ್ಲ ಹೀಗೇ ಮಾಡುತ್ತಿದ್ದೆವು. ನೋವು ಅಂದರೆ ತಂಡದಿಂದ ತೆಗೆಯುತ್ತಾರೆ ಅಂತ ಭಯ. ನೀವು ಕೇಳಿದಾಗ ಅವಳು ಹತ್ತರಲ್ಲಿ ಮೂರು ಅಂದರೆ ಅದು ಆರು ಅಂತ ತಿಳಿದುಕೊಳ್ಳಿ. ನನ್ನದು ಬೆನ್ನಿನ ಕಥೆ, ಆಮೇಲೆ ಬರೆಯುತ್ತೇನೆ. ಈಗ ಟೇಪ್ ಮಾತ್ರ ಬೇಡ. ಟೇಪ್ ನೋವನ್ನು ಮುಚ್ಚುತ್ತದೆ, ಮೂಳೆಗೆ ಬೀಳುವ ಭಾರವನ್ನು ಕಡಿಮೆ ಮಾಡುವುದಿಲ್ಲ.

ಕ್ರೀಡಾ ಫಿಜಿಯೋ

ನಾನು ಇದೇ ಕೆಲಸ ಮಾಡುವವಳು. ಕೈ ಮುಟ್ಟದೆ ಇಲ್ಲಿ ಕೂತು ಇದೇ ತೊಂದರೆ ಅಂತ ಹೇಳಿದರೆ ತಪ್ಪಾಗುತ್ತದೆ. ಆದರೆ 11 ವರ್ಷ, ಬಿದ್ದಿಲ್ಲ, ಅಂಗೈ ಊರಿದಾಗ ನೋವು. ಇಷ್ಟು ಕೇಳಿದರೆ ನಾವು ಮೊದಲು ಯೋಚಿಸುವುದು ಜಿಮ್ನಾಸ್ಟ್ ರಿಸ್ಟ್ ಬಗ್ಗೆ.

ಮಕ್ಕಳ ಮೂಳೆಯ ತುದಿಯಲ್ಲಿ ಗ್ರೋತ್ ಪ್ಲೇಟ್ ಇರುತ್ತದೆ. ಮೂಳೆ ಉದ್ದ ಬೆಳೆಯುವ ಜಾಗ ಅದು. ಮೂಳೆಯಷ್ಟು ಗಟ್ಟಿ ಇರುವುದಿಲ್ಲ. ಮುಂಗೈಯಲ್ಲಿ ಎರಡು ಮೂಳೆ. ಹೆಬ್ಬೆರಳ ಕಡೆಯದು ರೇಡಿಯಸ್, ಕಿರುಬೆರಳ ಕಡೆಯದು ಅಲ್ನಾ. ಕೈ ಮೇಲೆ ನಿಂತಾಗ ಭಾರದ ಬಹುಪಾಲು ರೇಡಿಯಸ್ ಮೇಲೆ ಬೀಳುತ್ತದೆ. ಅದು ಬೆಳೆಯುವುದೂ ಬಹುಪಾಲು ಮಣಿಕಟ್ಟಿನ ಕಡೆಯ ತುದಿಯಿಂದಲೇ. ಆ ಜಾಗವನ್ನು ದಿನವೂ ಜಜ್ಜುತ್ತಾ ಹೋದರೆ ಗ್ರೋತ್ ಪ್ಲೇಟ್ ಬೇಗ ಮುಚ್ಚಿಹೋಗಬಹುದು. ಆಗ ರೇಡಿಯಸ್ ಗಿಡ್ಡವಾಗಿ ಉಳಿಯುತ್ತದೆ, ಅಲ್ನಾ ಮುಂದಕ್ಕೆ ಚಾಚುತ್ತದೆ. ಆಮೇಲಿನ ನೋವು ರೆಸ್ಟ್‌ನಿಂದ ಹೋಗುವಂಥದ್ದಲ್ಲ.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದ ಮಾತ್ರಕ್ಕೆ ಏನೂ ಇಲ್ಲ ಅಂತಲ್ಲ. ಶುರುವಿನಲ್ಲಿ ಸರಿಯಾಗಿಯೇ ಕಾಣಬಹುದು. ಎರಡೂ ಕೈ ತೆಗೆಸಿ ಪಕ್ಕಪಕ್ಕ ಇಟ್ಟು ನೋಡಬೇಕು. ಅನುಮಾನ ಉಳಿದರೆ ಎಂಆರ್‌ಐ. ಮಕ್ಕಳ ಕ್ರೀಡಾ ಗಾಯ ನೋಡಿ ಅಭ್ಯಾಸ ಇರುವ ಡಾಕ್ಟರ ಬಳಿ ಇನ್ನೊಂದು ಸಲ ತೋರಿಸಿ. ಅಂದ ಹಾಗೆ, ಬೆಳೆಯುತ್ತಿರುವ ಮೂಳೆಯ ತುದಿಗೆ ಅಲ್ಟ್ರಾಸೌಂಡ್ ಮಶಿನ್ ಇಡುವಾಗ ಎಚ್ಚರ ಅಂತ ನಮಗೆ ಕಾಲೇಜಿನಲ್ಲೇ ಕಲಿಸುತ್ತಾರೆ.

43ನೇ ದಿನದ ಪ್ರಶ್ನೆ ತುಂಬಾ ಒಳ್ಳೆಯದು. ಸಂಜೆ ಬಿಡುವಾದಾಗ ಬರೆಯುತ್ತೇನೆ.

ಗರಡಿ ಮನೆ ಹುಡುಗ

ನಮ್ಮ ತಾತ ಹಳೇ ಪೇಟೆಯ ಗರಡಿಯಲ್ಲಿ ಸಾಮು ಮಾಡಿದವರು. ಉಳುಕಿದರೆ ಬಿಸಿ ಎಣ್ಣೆ ಹಾಕಿ ನೀವಿ, ಎಳೆದು, ಕಟ್ಟು ಕಟ್ಟುತ್ತಿದ್ದರು. ಮೂರು ದಿನಕ್ಕೆ ಸರಿ. ಎಂಆರ್‌ಐ ಎಲ್ಲಿತ್ತು ಆಗ? ಒಂದು ಸಲ ಒಳ್ಳೆಯ ನಾಟಿ ವೈದ್ಯರಿಗೆ ತೋರಿಸಿ ನೋಡಿ.

ಕ್ರೀಡಾ ಫಿಜಿಯೋ

ದಯವಿಟ್ಟು ಎಳೆಸಬೇಡಿ. ಇದು ಉಳುಕಲ್ಲ. ಬೆಳೆಯುವ ಮೂಳೆಯ ತುದಿಯನ್ನು ಎಳೆದು ತಿರುವಿದರೆ ಇರುವ ತೊಂದರೆ ಜಾಸ್ತಿಯಾಗುತ್ತದೆ.

ಗರಡಿ ಮನೆ ಹುಡುಗ

ಮಕ್ಕಳ ಮೂಳೆ ಬೇರೆ ಅನ್ನುವುದನ್ನು ಒಪ್ಪುತ್ತೇನೆ ಮೇಡಂ. ಆದರೆ ಗರಡಿಯವರು ದಡ್ಡರಲ್ಲ. ಹೊಸ ಹುಡುಗನನ್ನು ಮೊದಲ ದಿನವೇ ಮಲ್ಲಕಂಬ ಹತ್ತಿಸುತ್ತಿರಲಿಲ್ಲ. ತಿಂಗಳುಗಟ್ಟಲೆ ದಂಡ, ಬೈಠಕ್ (ಬಸ್ಕಿ). ಆಮೇಲೆ ಕಂಬ. ಕೈ ನೊಂದವನಿಗೆ ಬರೀ ಬೈಠಕ್ ಕೊಡುತ್ತಿದ್ದರು, ಮನೆಗೆ ಕಳಿಸುತ್ತಿರಲಿಲ್ಲ.

ಕ್ರೀಡಾ ಫಿಜಿಯೋ

ನಾನು ಹೇಳಬೇಕು ಅಂತಿದ್ದದ್ದೇ ಅದು. ಕೈ ನೊಂದವನಿಗೆ ಬೈಠಕ್.

ಇಪ್ಪತ್ತು ವರ್ಷದ ಕೋಚ್

ಎಲ್ಲರೂ ಕೋಚ್ ಕಡೆ ಬೆರಳು ತೋರಿಸುತ್ತಿದ್ದೀರಿ. ಟೇಪ್ ಸುತ್ತಿಕೊಂಡು ಮಾಡು ಅಂದದ್ದು ತಪ್ಪು, ಒಪ್ಪಿದೆ. ಆದರೆ ನನ್ನ ಕಡೆಯಿಂದಲೂ ಕೇಳಿ. ನಾನು ಮೂರು ವಾರ ಕೂರಿಸಿದ ಹುಡುಗಿಯನ್ನು ಅಪ್ಪ ಅಮ್ಮ ಬೇರೆ ಕ್ಲಾಸಿಗೆ ಸೇರಿಸಿ ಮೀಟ್‌ಗೆ ಇಳಿಸಿದ್ದಾರೆ. ಒಂದು ಸಲ ಅಲ್ಲ. ಕ್ರೀಡಾ ಕೋಟಾ, ಸರ್ಟಿಫಿಕೇಟ್ ಅಂತ ಒತ್ತಾಯ ಬರುವುದು ಮನೆಯಿಂದ.

ಇನ್ನೊಂದು ಮಾತು. ಫಿಜಿಯೋಗಳು ಚೀಟಿಯಲ್ಲಿ 'ಜಿಮ್ನಾಸ್ಟಿಕ್ಸ್ ಬೇಡ' ಅಂತ ಬರೆಯುತ್ತಾರೆ. ಜಿಮ್ನಾಸ್ಟಿಕ್ಸ್ ಒಂದೇ ಕೆಲಸವಾ? ಹುಡುಗಿಯರಿಗೆ ನಾಲ್ಕು ಉಪಕರಣ, ಹುಡುಗರಿಗೆ ಆರು. ಬಾರ್ಸ್‌ನಲ್ಲಿ ನೇತಾಡಿದರೆ ಮಣಿಕಟ್ಟು ಎಳೆಯುತ್ತದೆ, ವಾಲ್ಟ್‌ನಲ್ಲಿ ಓಡಿಬಂದು ಮೇಜಿನ ಮೇಲೆ ಕೈ ಊರಿ ಹಾರುವಾಗ ಜಜ್ಜುತ್ತದೆ. ಹುಡುಗರ ಪೊಮೆಲ್ ಹಾರ್ಸ್‌ನಲ್ಲಿ ಇಡೀ ಮೈ ಕೈ ಮೇಲೆಯೇ ಸುತ್ತುತ್ತದೆ. ಬೀಮ್ ಅಂದರೆ ಕಿರಿದಾದ ಅಡ್ಡಪಟ್ಟಿ, ಅದರ ಮೇಲೆ ಜಿಗಿತ, ತಿರುಗುವುದು, ನಡಿಗೆ ಮಾಡಿದರೆ ಕೈಯೇ ಬೇಡ. ಯಾವುದು ಬೇಡ, ಯಾವುದು ಸರಿ ಅಂತ ಬರೆದುಕೊಟ್ಟರೆ ನಾನು ಹಾಗೇ ಮಾಡಿಸುತ್ತೇನೆ. ಆ ಚೀಟಿ ಬರೆಯುವವರು ಒಂದು ಸಲ ಜಿಮ್‌ಗೆ ಬಂದು ಅರ್ಧ ಗಂಟೆ ನಿಂತು ನೋಡಲಿ. ಇಷ್ಟು ವರ್ಷದಲ್ಲಿ ಹಾಗೆ ಬಂದವರು ಇಬ್ಬರೇ.

ಯಶವಂತಪುರ ಎಕ್ಸ್‌ಪ್ರೆಸ್

ಬೆಂಗಳೂರಿನಲ್ಲಿ ಕ್ರಿಕೆಟ್ ಫಿಜಿಯೋ ಕಲ್ಲೆಸೆದರೆ ಸಿಗುತ್ತಾರೆ. ವೇಗದ ಬೌಲರ್ ವಾರಕ್ಕೆ ಎಷ್ಟು ಓವರ್ ಹಾಕಿದ ಅಂತ ಅಪ್ಪಂದಿರೂ ಪುಸ್ತಕದಲ್ಲಿ ಬರೆದಿಡುತ್ತಾರೆ. ಜಿಮ್ನಾಸ್ಟಿಕ್ಸ್ ಮಕ್ಕಳು ಎಷ್ಟು ಸಲ ಕೈ ಊರಿದರು ಅಂತ ಯಾರಾದರೂ ಎಣಿಸುತ್ತಾರಾ?

ಇಪ್ಪತ್ತು ವರ್ಷದ ಕೋಚ್

ಎಣಿಸುವುದಿಲ್ಲ. ಎಣಿಸಬೇಕು. ನಿಮ್ಮ ಮಾತು ನನಗೆ ತಾಗಿತು.

ಜಯನಗರ 4ನೇ ಬ್ಲಾಕ್

ಇದೆಲ್ಲ ನೋಡಿದರೆ ಮಕ್ಕಳನ್ನು ಈ ಆಟಕ್ಕೇ ಹಾಕಬಾರದು. ನಮ್ಮ ದೇಶದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಅಷ್ಟು ಕಷ್ಟದ ವಾಲ್ಟ್ ಮಾಡಿದರು, ಮಂಡಿ ಹೋಯಿತು, ಅಲ್ಲಿಗೆ ಮುಗಿಯಿತು.

ಹಳೇ ಜಿಮ್ನಾಸ್ಟ್

ಅಲ್ಲಿಗೆ ಮುಗಿಯಲಿಲ್ಲ. ಸರಿಯಾಗಿ ತಿಳಿದು ಬರೆಯಿರಿ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪ್ರೊಡುನೋವಾ ಅನ್ನುವ ಆ ಕಷ್ಟದ ವಾಲ್ಟ್ ಮಾಡಿ ನಾಲ್ಕನೆಯವರಾದರು. 15.066 ಅಂಕ. ಕಂಚು ತಪ್ಪಿದ್ದು 0.150ರಲ್ಲಿ. ಮಂಡಿಯ ಎಸಿಎಲ್ ಅನ್ನುವ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆ ಆದದ್ದು 2017ರಲ್ಲಿ. ಮರುವರ್ಷ ಟರ್ಕಿಯ ಮೆರ್ಸಿನ್‌ನಲ್ಲಿ ವರ್ಲ್ಡ್ ಚಾಲೆಂಜ್ ಕಪ್ ಚಿನ್ನ ಗೆದ್ದರು. ಆಮೇಲೂ ಏಳುಬೀಳು ಇತ್ತು. 2024ರಲ್ಲಿ ತಾಷ್ಕೆಂಟ್‌ನಲ್ಲಿ ವಾಲ್ಟ್‌ನಲ್ಲಿ ಏಷ್ಯನ್ ಚಾಂಪಿಯನ್ ಆದರು. ಭಾರತಕ್ಕೆ ಅದೇ ಮೊದಲು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಿವೃತ್ತಿ ಹೇಳಿದರು, ಆಗ ಅವರಿಗೆ 31. ಮಂಡಿ ಹೋದ ಮೇಲೆ ಏಳು ವರ್ಷ. ಆ ಏಳು ವರ್ಷದ ಹಿಂದೆ ಎಷ್ಟು ಸಾವಿರ ಗಂಟೆಯ ವ್ಯಾಯಾಮ ಇರಬೇಕು ಅಂತ ಯೋಚಿಸಿ.

ಜಯನಗರ 4ನೇ ಬ್ಲಾಕ್

ಏಷ್ಯನ್ ಚಿನ್ನದ ವಿಷಯ ಗೊತ್ತಿರಲಿಲ್ಲ. ತಿಳಿಸಿದ್ದು ಒಳ್ಳೆಯದಾಯಿತು.

ಕ್ರೀಡಾ ಫಿಜಿಯೋ

ಈಗ 43ನೇ ದಿನದ ಮಾತು.

ರೆಸ್ಟ್ ಕೈಗೆ, ಮಗುವಿಗಲ್ಲ. ಆರು ವಾರ ಮನೆಯಲ್ಲಿ ಕೂರಿಸಿದರೆ ಭುಜ, ಹೊಟ್ಟೆ, ಕಾಲು ಎಲ್ಲದರ ಶಕ್ತಿ ಇಳಿಯುತ್ತದೆ. ಆ ಮೈ ಹೊತ್ತುಕೊಂಡು ವಾಪಸ್ ಹೋದರೆ ಮಣಿಕಟ್ಟಿಗೆ ಮೊದಲಿಗಿಂತ ಜಾಸ್ತಿ ಪೆಟ್ಟು. ಹಾಗಾಗಿ ಮೊದಲ ದಿನದಿಂದಲೇ ಕೈ ಊರದ ಕೆಲಸ ನಡೆಯಬೇಕು. ಮೊಣಕೈ ಊರಿ ಮೈಯನ್ನು ಹಲಗೆಯಂತೆ ನೇರ ಹಿಡಿಯುವ ಪ್ಲ್ಯಾಂಕ್, ಒಂಟಿ ಕಾಲಿನ ಬೈಠಕ್, ಜಿಗಿದು ಇಳಿಯುವ ಅಭ್ಯಾಸ, ಬೀಮ್ ಮೇಲೆ ನಡಿಗೆ.

ಆರು ವಾರ ಅನ್ನುವುದೂ ಕಲ್ಲಿನಲ್ಲಿ ಕೊರೆದದ್ದಲ್ಲ. ಕೆಲವರಿಗೆ ಅಷ್ಟು ಸಾಕು, ಕೆಲವರಿಗೆ ಮೂರು ತಿಂಗಳೂ ಬೇಕು. ಕ್ಯಾಲೆಂಡರ್ ನೋಡಬೇಡಿ, ಕೈ ನೋಡಿ. ಒತ್ತಿದರೆ ನೋವಿಲ್ಲ, ಮಣಿಕಟ್ಟು ಎರಡೂ ಕಡೆ ಒಂದೇ ಸಮ ಬಾಗುತ್ತದೆ, ಹಿಡಿತ ಎಡಗೈಯಷ್ಟೇ ಇದೆ. ಆಗ ಮೊದಲ ಮೆಟ್ಟಿಲು.

ಗೋಡೆಗೆ ಅಂಗೈ ಇಟ್ಟು ಒತ್ತುವುದರಿಂದ ಶುರು. ಆಮೇಲೆ ಅಂಬೆಗಾಲಿನಲ್ಲಿ ಕೂತು ಭಾರವನ್ನು ನಿಧಾನವಾಗಿ ಮುಂದೆ ಹಿಂದೆ ತೂಗುವುದು. ಆಮೇಲೆ ಅಂಗೈ ಪ್ಲ್ಯಾಂಕ್. ಹ್ಯಾಂಡ್‌ಸ್ಟ್ಯಾಂಡ್ ಮೊದಲು ನೆಲದ ಮೇಲೆ ಅಲ್ಲ, ಪ್ಯಾರಲೆಟ್ ಮೇಲೆ. ಪ್ಯಾರಲೆಟ್ ಅಂದರೆ ನೆಲದಲ್ಲಿಡುವ ಪುಟ್ಟ ಹಿಡಿ. ಅದನ್ನು ಹಿಡಿದರೆ ಮಣಿಕಟ್ಟು ಹಿಂದಕ್ಕೆ ಮಡಚದೆ ನೇರ ಇರುತ್ತದೆ. ಅದು ಸಲೀಸಾದ ಮೇಲೆ ನೆಲ. ಆಮೇಲೆ ಕಾರ್ಟ್‌ವೀಲ್ (ಕೈ ಊರಿ ಪಕ್ಕಕ್ಕೆ ಚಕ್ರದಂತೆ ತಿರುಗುವುದು), ರೌಂಡ್‌ಆಫ್ (ಹಾಗೇ ತಿರುಗಿ ಎರಡೂ ಕಾಲು ಜೋಡಿಸಿ ಇಳಿಯುವುದು). ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಹಾರಿ ಕೈ ಊರಿ ಮಗುಚುವುದು) ಮತ್ತು ವಾಲ್ಟ್ ಕೊನೆಗೆ, ಅದೂ ಮೆತ್ತನೆಯ ಮ್ಯಾಟ್ ಮೇಲೆ, ಎಣಿಸಿ. ಮೊದಲ ವಾರ ಐದು ಅಂದರೆ ಐದೇ.

ಪ್ರತಿ ಮೆಟ್ಟಿಲಿಗೂ ಒಂದೇ ಕಟ್ಟಳೆ. ಇವತ್ತು ಮಾಡಿದ್ದು ನಾಳೆ ಬೆಳಿಗ್ಗೆ ನೋವು ತರಬಾರದು. ತಂದರೆ ಒಂದು ಮೆಟ್ಟಿಲು ಕೆಳಗೆ.

ಫಿಜಿಯೋ ಹುಡುಕುವಾಗ ಬೋರ್ಡ್ ನೋಡಬೇಡಿ. ಕ್ರೀಡೆಯಲ್ಲಿ ಎಂಪಿಟಿ (ಫಿಜಿಯೋಥೆರಪಿಯ ಸ್ನಾತಕೋತ್ತರ ಪದವಿ) ಮಾಡಿದವರಾ ಅಂತ ಕೇಳಿ, ಅದು ಒಳ್ಳೆಯದು, ಆದರೆ ಸಾಲದು. 'ನನ್ನ ಮಗಳನ್ನು ರೌಂಡ್‌ಆಫ್‌ವರೆಗೆ ಹೇಗೆ ಕರೆದುಕೊಂಡು ಹೋಗುತ್ತೀರಿ?' ಅಂತ ಕೇಳಿ. ರೌಂಡ್‌ಆಫ್ ಅಂದರೇನು ಅಂತ ಅವರು ನಿಮ್ಮನ್ನು ಕೇಳಿದರೂ ಪರವಾಗಿಲ್ಲ. 'ವಿಡಿಯೋ ತೋರಿಸಿ, ಕೋಚ್ ನಂಬರ್ ಕೊಡಿ' ಅಂದರೆ ಅವರ ಬಳಿ ಉಳಿಯಿರಿ. ಮಶಿನ್ ಹಚ್ಚಿ ಹೊರಗೆ ಹೋಗುವವರಾದರೆ ಬೇಡ.

ವೈಟ್‌ಫೀಲ್ಡ್ ಅಮ್ಮ

ಹೇಳುವುದು ಸುಲಭ. ನಾವು ಕಾಡುಗೋಡಿ ಕಡೆ. ಒಳ್ಳೆಯವರು ಸಿಕ್ಕಿದ್ದು ಊರಿನ ಆ ಕಡೆ, ಕೆಂಗೇರಿ ಹತ್ತಿರ. ಮಗನ ಪಾದದ ಕೀಲು ತಿರುಚಿತ್ತು. ವಾರಕ್ಕೆ ಮೂರು ದಿನ, ನೇರಳೆ ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿ. ಅವನು ಮೆಟ್ರೋದಲ್ಲೇ ಹೋಂವರ್ಕ್ ಮುಗಿಸುತ್ತಿದ್ದ. ಸಿಟ್ಟಿಂಗ್‌ಗೆ 800 ರೂಪಾಯಿ. ಎರಡನೇ ತಿಂಗಳಿಗೆ ಕೈ ಕಟ್ಟಿತು. ಆಗ ಅವರೇ ಹೇಳಿದರು, 15 ದಿನಕ್ಕೊಮ್ಮೆ ಬನ್ನಿ, ಉಳಿದದ್ದು ವಿಡಿಯೋ ಕಾಲ್‌ನಲ್ಲಿ ನೋಡುತ್ತೇನೆ ಅಂತ. ಬಾಯಿಬಿಟ್ಟು ಕೇಳಿ, ಒಪ್ಪುವವರಿದ್ದಾರೆ.

ನಾಗರಬಾವಿ

ಖರ್ಚಿನ ಮಾತು ಬಂತಲ್ಲ, ಎಕ್ಸ್‌ರೇ ಮತ್ತು ಮೂಳೆ ಡಾಕ್ಟರ ಸಲಹೆಗೆ ಜಯನಗರ ಬೈರಸಂದ್ರದ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ಸರ್ಕಾರಿ ಸಂಸ್ಥೆ, ಫಿಜಿಯೋಥೆರಪಿಯೂ ಇದೆ. ಬೆಳಿಗ್ಗೆ ಬೇಗ ಹೋಗಬೇಕು ಅಷ್ಟೇ.

ಹಳೇ ಜಿಮ್ನಾಸ್ಟ್

ಬೆನ್ನಿನ ಕಥೆ ಬರೆಯುತ್ತೇನೆ ಅಂದಿದ್ದೆ. ನನಗೆ 14 ಆಗಿದ್ದಾಗ ಹಿಂದಕ್ಕೆ ಬಾಗಿದರೆ ಸೊಂಟದ ಕೆಳಗೆ ಚಾಕು ಹಾಕಿದ ಹಾಗೆ ಆಗುತ್ತಿತ್ತು. ಮುಂದಕ್ಕೆ ಬಾಗಿದರೆ ಏನೂ ಇಲ್ಲ. ಮಸಲ್ ಹಿಡಿದಿದೆ ಅಂತ ಒಂದು ವರ್ಷ ಎಣ್ಣೆ ಹಚ್ಚಿದೆವು. ಕೊನೆಗೆ ಸ್ಕ್ಯಾನ್‌ನಲ್ಲಿ ಬೆನ್ನುಮೂಳೆಯ ಐದನೇ ಸೊಂಟದ ಮಣಿಯಲ್ಲಿ ಬಿರುಕು ಕಂಡಿತು. ಸ್ಪಾಂಡಿಲೊಲೈಸಿಸ್. ವೇಗದ ಬೌಲರ್‌ಗಳಿಗೂ ಇದೇ ಬರುತ್ತದೆ.

ಮೂರು ತಿಂಗಳು ಬಿಟ್ಟೆ. ನೋವು ಹೋಯಿತು. ವಾಪಸ್ ಹೋದೆ. ಆರು ವಾರಕ್ಕೆ ಮತ್ತೆ ಬಂತು. ಎರಡನೇ ಸಲ ನನ್ನನ್ನು ನೋಡಿದ ಫಿಜಿಯೋ ಬೆನ್ನು ಮುಟ್ಟಲೇ ಇಲ್ಲ. 'ಬ್ರಿಡ್ಜ್ ಮಾಡಿ ತೋರಿಸು' (ಹಿಂದಕ್ಕೆ ಬಾಗಿ ಕೈ ಕಾಲು ಊರಿ ಕಮಾನಿನಂತೆ ನಿಲ್ಲುವುದು) ಅಂದರು, ಬೇಡ ಬೇಡ, ಮೊದಲು ಗೋಡೆಗೆ ಬೆನ್ನು ಕೊಟ್ಟು ನಿಂತು ಕೈ ಮೇಲೆತ್ತು ಅಂದರು. ಎತ್ತಿದೆ. ಕೈ ಗೋಡೆಗೆ ಮುಟ್ಟಬೇಕಾದರೆ ಸೊಂಟ ಗೋಡೆ ಬಿಟ್ಟು ಮುಂದೆ ಬರುತ್ತಿತ್ತು. ಅವರು ಆ ಸಂದಿಯಲ್ಲಿ ತಮ್ಮ ಮುಷ್ಟಿ ತೂರಿಸಿ ತೋರಿಸಿದರು. 'ಭುಜ ಬಿಗಿ ಇದೆ. ಭುಜ ಬಾಗದ್ದನ್ನು ನಿನ್ನ ಸೊಂಟ ಬಾಗುತ್ತಿದೆ' ಅಂದರು. ಎಂಟು ವರ್ಷ ಆಟ ಆಡಿದ್ದೆ, ಇದನ್ನು ಯಾರೂ ನೋಡಿರಲಿಲ್ಲ.

ಆಮೇಲೆ ನಾಲ್ಕು ತಿಂಗಳು ಭುಜ ಮತ್ತು ತೊಡೆಯ ಮುಂಭಾಗ ಸಡಿಲ ಮಾಡುವ ಕೆಲಸ, ಹೊಟ್ಟೆ ಗಟ್ಟಿ ಮಾಡುವ ಕೆಲಸ. ಬ್ರಿಡ್ಜ್ ಮತ್ತೆ ಶುರು ಮಾಡಿದಾಗ ಕಾಲು ಎತ್ತರದ ಪೆಟ್ಟಿಗೆ ಮೇಲೆ ಇಡಿಸಿದರು. ಹಾಗೆ ಇಟ್ಟರೆ ಬಾಗು ಭುಜದಲ್ಲಿ ಬರುತ್ತದೆ, ಸೊಂಟದಲ್ಲಿ ಅಲ್ಲ. ಇನ್ನೂ ಮೂರು ವರ್ಷ ಆಡಿದೆ. ನೋವು ಇರುವ ಜಾಗ ಬೇರೆ, ಅದನ್ನು ತರುವ ಜಾಗ ಬೇರೆ. ರಾಜಾಜಿನಗರದವರೇ, ನಿಮ್ಮ ಮಗಳ ಭುಜವನ್ನೂ ನೋಡಿಸಿ. ಭುಜ ಪೂರ್ತಿ ತೆರೆಯದಿದ್ದರೆ ಹ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಮಣಿಕಟ್ಟು ಜಾಸ್ತಿ ಮಡಚುತ್ತದೆ.

ವಿಜಯನಗರದ ಅಮ್ಮ

ಊಟದ ಮಾತು ಯಾರೂ ಎತ್ತಿಲ್ಲ. ನನ್ನ ಮಗಳು 15ಕ್ಕೆ ಕಾಲಿನ ಮೂಳೆ ಬಿರುಕು ಬಿಟ್ಟು ಕೂತಳು. ತೂಕ ಇಳಿಸು ಅಂತ ಹೇಳಿ ಹೇಳಿ ಅವಳು ರಾತ್ರಿ ಮುದ್ದೆ ಬಿಟ್ಟಳು, ಆಮೇಲೆ ಅನ್ನ ಬಿಟ್ಟಳು. ಏಳು ತಿಂಗಳು ಮುಟ್ಟು ನಿಂತಿತ್ತು, ನನಗೆ ಹೇಳಿರಲಿಲ್ಲ. ಮೂಳೆಗೆ ಏನು ಉಳಿಯಿತು? ಕ್ರೀಡಾ ಡಾಕ್ಟರು ಇದಕ್ಕೆ ರೆಡ್-ಎಸ್ ಅಂತ ಹೆಸರಿದೆ ಅಂದರು. ಮೈ ಖರ್ಚು ಮಾಡುವಷ್ಟು ಊಟ ಸಿಗದಿದ್ದರೆ ಬರುವ ತೊಂದರೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದರ ಬಗ್ಗೆ ಹೇಳಿದೆಯಂತೆ. ಹೆಣ್ಣುಮಕ್ಕಳ ಮುಟ್ಟಿನ ಲೆಕ್ಕ ಕೇಳಲು ನಾಚಿಕೆ ಬೇಡ. ಮೂಳೆ ಬಿರುಕಿಗೆ ವ್ಯಾಯಾಮ ಒಂದೇ ಔಷಧಿಯಲ್ಲ.

ಮೂಡಲಪಾಳ್ಯ

ಮಗಳು ಈಗ ಹೇಗಿದ್ದಾಳೆ ಅಕ್ಕಾ?

ವಿಜಯನಗರದ ಅಮ್ಮ

ಚೆನ್ನಾಗಿದ್ದಾಳೆ. ಆಡುತ್ತಿಲ್ಲ, ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾಳೆ. ಮುದ್ದೆ ತಿನ್ನುತ್ತಾಳೆ.

ಬನಶಂಕರಿ

ನಮ್ಮ ಹುಡುಗನಿಗೆ 10. ಓಡಿದರೆ ಹಿಮ್ಮಡಿ ನೋವು ಅನ್ನುತ್ತಾನೆ. ಇದೂ ಅದೇನಾ?

ಕ್ರೀಡಾ ಫಿಜಿಯೋ

ಅದೇ ಕುಟುಂಬದ್ದು ಇರಬಹುದು. ಹಿಮ್ಮಡಿಯಲ್ಲೂ ಗ್ರೋತ್ ಪ್ಲೇಟ್ ಇದೆ, ಆ ವಯಸ್ಸಿನಲ್ಲಿ ಸಾಮಾನ್ಯ, ಹೆಸರು ಸೀವರ್ಸ್. ಮಣಿಕಟ್ಟಿನಷ್ಟು ಭಯ ಬೇಡ. ಆದರೆ ತೋರಿಸಿ. ಮತ್ತೆ ತಿಂಗಳಿಗೊಮ್ಮೆ ಬಾಗಿಲ ಚೌಕಟ್ಟಿನ ಮೇಲೆ ಅವನ ಎತ್ತರ ಗುರುತು ಹಾಕಿ. ಸರ್ರನೆ ಉದ್ದ ಆಗುವ ತಿಂಗಳುಗಳಲ್ಲಿ ಜಿಗಿತ ಕಡಿಮೆ ಮಾಡಿಸಿ. ಹೆಚ್ಚಿನ ಮಕ್ಕಳು ನೋಯುವುದು ಆ ಹೊತ್ತಿನಲ್ಲೇ.

ರಾಜಾಜಿನಗರದ ಅಪ್ಪ

ಮೂರು ವಾರ ಆಯಿತು, ಏನಾಯಿತು ಅಂತ ತಿಳಿಸುತ್ತೇನೆ. ಬೇರೆ ಡಾಕ್ಟರಿಗೆ ತೋರಿಸಿದೆವು. ಎಂಆರ್‌ಐನಲ್ಲಿ ಗ್ರೋತ್ ಪ್ಲೇಟ್ ಮೇಲೆ ಒತ್ತಡ ಬಿದ್ದಿರುವುದು ಕಂಡಿತು. ಮುಚ್ಚಿಕೊಂಡಿಲ್ಲ, ಸರಿಯಾದ ಹೊತ್ತಿಗೆ ಬಂದಿದ್ದೀರಿ ಅಂದರು. ಜನವರಿ ಮೀಟ್ ಇಲ್ಲ. ಹೇಳಿದ ದಿನ ಮಗಳು ಚಾಪೆ ಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು, ಎರಡು ದಿನ ಮಾತಿಲ್ಲ.

ಕೋಚ್ ಬಳಿ ನಾನೇ ಹೋಗಿ ಮಾತಾಡಿದೆ. ಜಗಳ ಆಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಹೊಸ ಫಿಜಿಯೋ ಬರೆದುಕೊಟ್ಟ ಹಾಳೆಯನ್ನು ಅವರು ಗೋಡೆಗೆ ಅಂಟಿಸಿದರು. ಎಡಗಡೆ 'ಮಾಡಬಹುದು', ಬಲಗಡೆ 'ಬೇಡ'. ಮಗಳು ದಿನವೂ ಜಿಮ್‌ಗೆ ಹೋಗುತ್ತಾಳೆ. ಮೂರು ಗಂಟೆ ಈಗ ಒಂದೂವರೆ ಆಗಿದೆ. ಒಂಟಿ ಕಾಲಿನ ಬೈಠಕ್ ಎಣಿಸುವುದು ನನ್ನ ಹೆಂಡತಿಯ ಕೆಲಸ.

ಇಪ್ಪತ್ತು ವರ್ಷದ ಕೋಚ್

ಆ ಹಾಳೆಯ ಫೋಟೋ ಹಾಕಿ ಸರ್. ಮಗಳ ಹೆಸರು ಮುಚ್ಚಿ. ನಮ್ಮ ಜಿಮ್‌ಗೂ ಬೇಕು.

ರಾಜಾಜಿನಗರದ ಅಪ್ಪ

ಖಂಡಿತ ಹಾಕುತ್ತೇನೆ.

ರಾಜಾಜಿನಗರದ ಅಪ್ಪ

ಶಿವರಾತ್ರಿ ಬಂತು, ಈಗ ಬರೆಯಲು ಒಂದು ಒಳ್ಳೆಯ ವಿಷಯ ಇದೆ. ಆರು ವಾರ ಅಂದದ್ದು ಒಂಬತ್ತು ವಾರ ಹಿಡಿಯಿತು. ಏಳನೇ ವಾರ ಗೋಡೆ ಒತ್ತಿದಾಗ ಮರುದಿನ ನೋವು ಬಂತು, ಒಂದು ಮೆಟ್ಟಿಲು ಇಳಿದೆವು. ಅವಳಿಗಿಂತ ನನಗೇ ಜಾಸ್ತಿ ನಿರಾಸೆ ಆಯಿತು. ಈಗ ಅಂಬೆಗಾಲಿನ ತೂಗಾಟ ಮುಗಿದು ಅಂಗೈ ಪ್ಲ್ಯಾಂಕ್ ಒಂದು ನಿಮಿಷ ಹಿಡಿಯುತ್ತಾಳೆ. ಮೊನ್ನೆ ಊಟ ಮುಗಿಸಿ ಅಂಗೈ ಊರಿ ಎದ್ದಳು. ಅವಳಿಗೆ ಗೊತ್ತೇ ಆಗಲಿಲ್ಲ. ನಾನು, ನನ್ನವಳು ಮುಖ ಮುಖ ನೋಡಿಕೊಂಡೆವು.

ಮುಂದಿನ ಮೆಟ್ಟಿಲು ಪ್ಯಾರಲೆಟ್. ಅಂಗಡಿಯಲ್ಲಿ ಸಿಕ್ಕಿದ್ದು ದೊಡ್ಡವರದು, ಅವಳ ಬೆರಳು ಪೂರ್ತಿ ಸುತ್ತುವುದಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ಪರಿಚಯದ ಬಡಗಿ ಇದ್ದಾರೆ, ಮರದಲ್ಲಿ ಮಾಡಿಕೊಡುತ್ತೇನೆ ಅಂದಿದ್ದಾರೆ. ಹಿಡಿ ಎಷ್ಟು ದಪ್ಪ ಇರಬೇಕು ಹೇಳುತ್ತೀರಾ?

ಕ್ರೀಡಾ ಫಿಜಿಯೋ

ಓದಿ ಮನಸ್ಸು ತುಂಬಿತು. ಅವಳ ಕೈ ಅಳತೆ ತೆಗೆದುಕೊಂಡೇ ಮಾಡಿಸಿ. ಹಿಡಿದಾಗ ಹೆಬ್ಬೆರಳು ತೋರುಬೆರಳ ತುದಿಗೆ ತಾಗಬೇಕು, ಅಷ್ಟು ದಪ್ಪ ಸಾಕು. ಬುಡ ಅಗಲ ಇರಲಿ, ಅಲುಗಾಡಬಾರದು. ಅಡಿಗೆ ರಬ್ಬರ್ ಹೊಡೆಸಿ.

ಗರಡಿ ಮನೆ ಹುಡುಗ

ಬಡಗಿಗೆ ಹೇಳಿ, ಹಿಡಿಗೆ ಪಾಲಿಶ್ ಬೇಡ. ಬೆವರಿದ ಕೈ ಜಾರುತ್ತದೆ. ಮರಳು ಕಾಗದ ಹಾಕಿ ಉಜ್ಜಿ ಹಾಗೇ ಬಿಡಲಿ.